ಮಕ್ಕಳ ಮೇಳವೂ ಮುದ್ರೆಯ ನಾಣ್ಯವೂ

ಕಳೆದ ಬೇಸಗೆಯಲ್ಲಿ ಸಿಡ್ನಿಯಿಂದ ಬಂದಿದ್ದ ನನ್ನ ಆರು ವರ್ಷದ ಮೊಮ್ಮಗಳು ಒಂದು ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟು, "ತಾತ, ಇದನ್ನು ಖರ್ಚು ಮಾಡಬಾರದು" ಎಂದು ಎಚ್ಚರಿಕೆ ಹೇಳಿದಳು. ಕೊಳ್ಳೇಗಾಲದ ಪೇಟೆಯಲ್ಲಿ ಆ ನಾಣ್ಯವನ್ನು ಖರ್ಚು ಮಾಡುವ ಉಪಾಯ ನನಗಂತೂ ಹೊಳೆಯಲಿಲ್ಲ. ಆದರೂ ಗಂಭೀರವಾಗಿ ಒಪ್ಪಿಕೊಂಡು ಕನ್ನಡಕವನ್ನು ಏರಿಸಿ ನೋಡಿದೆ. ಒಂದು ಮುಖದಲ್ಲಿ ಇಂಗ್ಲೆಂಡಿನ ರಾಣಿ ಎರಡನೆಯ ಎಲಿಜಬೆತ್. ತಿರುಗಿಸಿದರೆ, ಮಕ್ಕಳಿಗಾಗಿ ಹಾಡಿ ಕುಣಿಯುವ ಒಂದು ಮೇಳದ ನೆನಪು!

ಆ ಮೇಳದ ಹೆಸರು 'ದಿ ವಿಗಲ್ಸ್'. ೧೯೯೧ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ್ದು. ಅದನ್ನು ಕಟ್ಟಿದವರಲ್ಲಿ ಕೆಲವರು ಅಲ್ಲಿನ ಮೆಕ್ವಾರಿ ವಿಶ್ವವಿದ್ಯಾನಿಲಯದಲ್ಲಿ ಶಿಶುಶಿಕ್ಷಣವನ್ನು ಓದುತ್ತಿದ್ದವರು. ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಗುವಿಗೆ ಎಂಥ ಹಾಡು ಬೇಕು, ಎಷ್ಟು ಹೊತ್ತಿನ ಹಾಡು ಬೇಕು, ಕೈಕಾಲುಗಳು ಎಲ್ಲಿ ಆಡಬೇಕು ಎಂಬುದನ್ನು ಪಾಠದಂತೆ ಕಲಿತು ರಂಗಕ್ಕೆ ಬಂದವರು. ನೀಲಿ, ಕೆಂಪು, ಹಳದಿ, ನೇರಳೆ ಎಂದು ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಅಂಗಿ. ಹೆಸರು ಬಾರದ ಮಗುವೂ ಬಣ್ಣದಿಂದ ಗುರುತು ಹಿಡಿಯಬಲ್ಲದು. ಈ ಮೇಳಕ್ಕೆ ಮೂವತ್ತು ವರ್ಷ ತುಂಬಿದಾಗ, ೨೦೨೧ರಲ್ಲಿ, ಆಸ್ಟ್ರೇಲಿಯದ ಟಂಕಸಾಲೆ ಅದರ ಗೌರವಾರ್ಥ ನಾಣ್ಯ ಮುದ್ರಿಸಿತು.

ಈ ಸಂಗತಿ ನನ್ನನ್ನು ಕೆಲವು ದಿನ ಕಾಡಿತು. ನಾಣ್ಯವೆಂಬುದು ಇತಿಹಾಸದ ಉದ್ದಕ್ಕೂ ಸಿಂಹಾಸನದ ಸೊತ್ತು. ಅದರ ಮೇಲೆ ದೇವರು ಬರಬಹುದು, ರಾಜ ಬರಬಹುದು, ಸಿಂಹ, ಆನೆ, ವರಾಹಗಳು ಬರಬಹುದು. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳನ್ನು ನೋಡಿದವರಿಗೆ ಅದರ ಮೇಲಿನ ಸಿಂಹವೂ 'ಶ್ರೀ ಚಾಮುಂಡಿ' ಎಂಬ ಕನ್ನಡ ಅಕ್ಷರಗಳೂ 'ಮಯಿಲಿ ಕಾಸು' ಎಂಬ ಮುದ್ದಾದ ಹೆಸರೂ ನೆನಪಿರಬಹುದು. ಆ ಕಾಲದ ದಿವಾನ್ ಪೂರ್ಣಯ್ಯನವರಿಗೆ ೧೮೦೭ರಲ್ಲಿ ಜಹಗೀರಾಗಿ ದೊರೆತದ್ದೇ ನಮ್ಮ ನೆರೆಯ ಯಳಂದೂರು. ಸಂಚಿಯ ಹೊನ್ನಮ್ಮನ ಊರು, ಷಡಕ್ಷರದೇವನ ಸಮಾಧಿಯಿರುವ ಊರು ಅದು. ೧೮೪೩ರಲ್ಲಿ ಮೈಸೂರಿನ ಟಂಕಸಾಲೆ ಮುಚ್ಚಿತು. ಅಲ್ಲಿಂದ ಮುಂದೆ ಯಳಂದೂರಿನ ರೈತನೂ ಕೊಳ್ಳೇಗಾಲದ ನೇಕಾರನೂ ಎಣಿಸಿದ್ದು ಒಂದೇ ಬ್ರಿಟಿಷ್ ರೂಪಾಯಿಯನ್ನು. ಒಂದೇ ರೂಪಾಯಿ, ಆದರೆ ಎರಡು ಸರ್ಕಾರ. ಏಕೆಂದರೆ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಅಲ್ಲಿಂದ ಹತ್ತು ಹನ್ನೊಂದು ಮೈಲಿ ಈಚೆಗಿನ ಕೊಳ್ಳೇಗಾಲ, ಅದರೊಂದಿಗೆ ಹನೂರು, ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು.

ಸ್ವತಂತ್ರ ಭಾರತವೂ ಸ್ಮಾರಕ ನಾಣ್ಯಗಳನ್ನು ಹೊರಡಿಸುತ್ತ ಬಂದಿದೆ. ೧೯೬೪ರಲ್ಲಿ ನೆಹರೂ ಅವರ ನಾಣ್ಯ ಮೊದಲನೆಯದು, ೧೯೬೯ರಲ್ಲಿ ಗಾಂಧೀಜಿ. ನಮ್ಮ ಬಸವಣ್ಣನವರಿಗೂ ೨೦೦೬ರ ಮುದ್ರೆಯ ನಾಣ್ಯ ಸಂದಿತು, ಕಾಯಕದ ಬೆಲೆಯನ್ನು ಹೇಳಿದವರಿಗೆ ಕಾಸಿನ ಮೇಲೆ ಸ್ಥಳ ದೊರೆತದ್ದು ಉಚಿತವೇ. ಆದರೆ ಮಕ್ಕಳನ್ನು ನಗಿಸಿದವರಿಗೆ? ಆ ಪ್ರಶ್ನೆಯ ಬೆನ್ನು ಹತ್ತಿ ನಮ್ಮ ಸೀಮೆಯ ಚರಿತ್ರೆಯನ್ನು ತಿರುವಿ ಹಾಕುತ್ತ ಹೋದಾಗ ನನಗೆ ಕಂಡದ್ದನ್ನು ಇಲ್ಲಿ ಶ್ರೋತೃಗಳ ಮುಂದಿಡುತ್ತೇನೆ.

ನಮ್ಮ ತಂದೆಯವರ ಮಾತಿನಲ್ಲಿ 'ಬಾಯ್ಸ್ ಕಂಪ್ನಿ' ಎಂಬ ಪದ ಆಗಾಗ ಸುಳಿಯುತ್ತಿತ್ತು. ಕೊಯಮತ್ತೂರು ಜಿಲ್ಲೆಯ ಕಾಲದವರಾದ ಅವರಿಗೆ ಮೈಸೂರಿನ ಕಂಪನಿಗಳಷ್ಟೇ ತಮಿಳು ನಾಡಿನ ಕಂಪನಿಗಳ ಸುದ್ದಿಯೂ ಗೊತ್ತು. ತಮಿಳು ರಂಗಭೂಮಿಯ ಹಿರಿಯರಾದ ಶಂಕರದಾಸ ಸ್ವಾಮಿಗಳು, ವಯಸ್ಕ ನಟರ ಅಶಿಸ್ತಿನಿಂದ ಬೇಸತ್ತು, ೧೯೧೮ರಲ್ಲಿ ಮದುರೆಯಲ್ಲಿ ಬರಿಯ ಹುಡುಗರನ್ನೇ ಕೂಡಿಸಿ ಒಂದು ಸಭೆ ಕಟ್ಟಿದರು. ಟಿ. ಕೆ. ಷಣ್ಮುಗಂ ಮತ್ತು ಅವರ ಸೋದರರು ಅಲ್ಲಿ ಬಾಲಕರಾಗಿ ಬಣ್ಣ ಹಚ್ಚಿ, ಮುಂದೆ ೧೯೨೫ರಲ್ಲಿ ತಮ್ಮದೇ ಬಾಲ ಷಣ್ಮುಖಾನಂದ ಸಭೆಯನ್ನು ಸ್ಥಾಪಿಸಿದರು. ಇಂಥವೇ ಇನ್ನೂ ಕೆಲವು ಹುಟ್ಟಿದವು. ಮದುರೆ ಒರಿಜಿನಲ್ ಬಾಯ್ಸ್ ಕಂಪನಿಗೆ, ತಂದೆಯನ್ನು ಕಳೆದುಕೊಂಡ ಇಬ್ಬರು ಸೋದರರು ಹೊಟ್ಟೆಪಾಡಿಗಾಗಿ ಬಂದು ಸೇರಿದರು. ಅವರಲ್ಲಿ ಕಿರಿಯವನು ೧೯೧೭ರಲ್ಲಿ ಸಿಂಹಳದಲ್ಲಿ ಹುಟ್ಟಿದ ರಾಮಚಂದ್ರನ್. ಲೋಕವೆಲ್ಲ ಎಂ. ಜಿ. ಆರ್. ಎಂದು ಬಲ್ಲ ವ್ಯಕ್ತಿ.

ಹುಡುಗರೇ ಏಕೆ ಬೇಕಾದರು? ಇದಕ್ಕೆ ಕಲೆಯ ಕಾರಣವೂ ಇದೆ, ಲೆಕ್ಕದ ಕಾರಣವೂ ಇದೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ತಗಡಿನ ಚಪ್ಪರದ ಕೊನೆಯ ಸಾಲಿಗೆ ಮುಟ್ಟುವ ಏರುಶ್ರುತಿ ಹುಡುಗರ ಕಂಠಕ್ಕೆ ಸಹಜ. ಹೆಣ್ಣು ಪಾತ್ರಕ್ಕೆ ಹೆಂಗಸರು ದೊರೆಯದಿದ್ದಾಗ ಅವರೇ ಸೀತೆ, ಅವರೇ ದಮಯಂತಿ. ಇದು ಕಲೆಯ ಮಾತು. ಇನ್ನು ಲೆಕ್ಕದ ಮಾತು: ಹುಡುಗನಿಗೆ ಊಟ, ಬಟ್ಟೆ, ಮಲಗಲು ಚಾಪೆ ಕೊಟ್ಟರೆ ಸಂಬಳದ ಬಹುಭಾಗ ತೀರಿದಂತೆ. ಹೇಳಿದಂತೆ ಕೇಳುತ್ತಾನೆ, ಕೇಳದಿದ್ದರೆ ವಾದ್ಯಾರರ ಬೆತ್ತವಿದೆ. ಮುಂದೊಂದು ದಿನ ಅವನ ಗಂಟಲು ಒಡೆಯುತ್ತದೆ. ಕನ್ನಡ ಕಂಪನಿಗಳಲ್ಲಿಯೂ ಈ ಮಾತು ಭೀತಿಯ ಮಾತೇ ಆಗಿತ್ತು. ಗಂಟಲು ಒಡೆದ ಹುಡುಗ ಬಾಲನೂ ಅಲ್ಲ, ನಾಯಕನೂ ಅಲ್ಲ. ಅವನು ಪರದೆ ಎಳೆಯಬಹುದು, ಪೆಟ್ಟಿಗೆ ಹೊರಬಹುದು, ಇಲ್ಲವೆ ಊರಿಗೆ ಹಿಂದಿರುಗಬಹುದು. ಅವನಿಗೆ ಊರಿನ ಕಸುಬೂ ಗೊತ್ತಿಲ್ಲ, ಅಕ್ಷರವೂ ಗೊತ್ತಿಲ್ಲ.

ಎಂ. ಜಿ. ಆರ್. ಅವರಿಗೆ ಸಿನಿಮಾ ಕೈಹಿಡಿಯಿತು. ೧೯೩೬ರಲ್ಲಿ ಮೊದಲ ಚಿತ್ರ, ೧೯೭೭ರಲ್ಲಿ ಮುಖ್ಯಮಂತ್ರಿ ಪದವಿ. ಅವರ ಜನ್ಮಶತಮಾನೋತ್ಸವದ ನೆನಪಿಗೆ ಭಾರತ ಸರ್ಕಾರ ೨೦೧೭ರ ಅಂಕಿತದ ನೂರು ರೂಪಾಯಿಯ ಹಾಗೂ ಐದು ರೂಪಾಯಿಯ ನಾಣ್ಯಗಳನ್ನು ಹೊರಡಿಸಿತು. ಮಕ್ಕಳ ಮೇಳವೊಂದರಿಂದ ನಾಣ್ಯದವರೆಗೆ ನಡೆದುಬಂದ ದಾರಿ ನಮ್ಮ ಹಳೆಯ ಜಿಲ್ಲೆಯ ಆಸುಪಾಸಿನಲ್ಲಿಯೇ ಇದೆ ಎಂದು ನಾನು ಮೊದಲು ಹಿಗ್ಗಿದ್ದು ನಿಜ. ಯೋಚಿಸುತ್ತ ಹೋದಂತೆ ಹಿಗ್ಗು ಇಳಿಯಿತು. ಆ ನಾಣ್ಯದ ಮೇಲಿರುವುದು ನಾಯಕನ ಮುಖ, ಬಾಯ್ಸ್ ಕಂಪನಿಯ ಚಾಪೆಯ ಮೇಲೆ ಮಲಗಿದ್ದ ಹುಡುಗನ ಮುಖವಲ್ಲ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ನನ್ನ ಮೊಮ್ಮಗಳ ನಾಣ್ಯದಲ್ಲಿರುವವರು ಮಕ್ಕಳನ್ನು ನಗಿಸಿದ ದೊಡ್ಡವರು. ನಮ್ಮಲ್ಲಿ ಇದ್ದದ್ದು ದೊಡ್ಡವರನ್ನು ರಂಜಿಸಿದ ಮಕ್ಕಳು. 'ಮಕ್ಕಳ ನಾಟಕ' ಎಂಬ ಸಮಾಸವನ್ನು ನಾವು ಬಹುಕಾಲ ಒಂದೇ ಬಗೆಯಾಗಿ ಬಿಡಿಸಿದೆವು. ಆಡುವವರು ಮಕ್ಕಳು ಎಂದಷ್ಟೇ ಅದರ ಅರ್ಥವಾಗಿತ್ತು. ಬೆಳಗಿನ ನಾಲ್ಕು ಗಂಟೆಯವರೆಗೆ ಕುಳಿತು ಅದನ್ನು ನೋಡಿದವರು ಬೆಲ್ಲದ ಮಂಡಿಯ ಸಾಹುಕಾರರು, ರೇಷ್ಮೆಯ ವ್ಯಾಪಾರಿಗಳು, ಶಾನುಭೋಗರು.

ಇದಕ್ಕೆ ಅಪವಾದವಿಲ್ಲದೆ ಇಲ್ಲ. ತೊಗಲುಗೊಂಬೆಯ ಕಿಳ್ಳೇಕ್ಯಾತ ಬಂಗಾರಕ್ಕನೊಡನೆ ಜಗಳವಾಡುವಾಗ ಮುಂದಿನ ಸಾಲಿನ ಮಕ್ಕಳಿಗಾಗಿಯೇ ಆಡುತ್ತಿದ್ದನೆಂದು ನನ್ನ ನಂಬಿಕೆ. ಮಹದೇಶ್ವರನ ಗುಡ್ಡರು ಹನೂರಿನ ದಾರಿಯಲ್ಲಿ ಬೀಸು ಕಂಸಾಳೆ ಹಿಡಿದು ಬಂದರಂತೂ ನಾವು ಹುಡುಗರು ಅವರ ಹಿಂದೆಯೇ. ಎಡಗೈಯಲ್ಲಿ ಬಟ್ಟಲಿನಂಥ ಕಂಚು, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆಯ ಬಿಲ್ಲೆ. ಆ ಬಿಲ್ಲೆ ತಲೆಯ ಮೇಲಿಂದ, ಬೆನ್ನ ಹಿಂದಿನಿಂದ ಹಾರಿಬಂದು ಬಟ್ಟಲನ್ನೇ ಮುಟ್ಟುವ ಚಮತ್ಕಾರವನ್ನು ಬಾಯಿ ತೆರೆದು ನೋಡುತ್ತಿದ್ದೆವು. ಅವರ ನಡುವೆಯೂ ನಮ್ಮ ವಯಸ್ಸಿನ ಹುಡುಗರಿರುತ್ತಿದ್ದರು, ಅವರ ಕೊರಳಲ್ಲಿ ರುದ್ರಾಕ್ಷಿ, ಹೆಗಲಲ್ಲಿ ಜೋಳಿಗೆ.

ಕನ್ನಡದ ಕಂಪನಿಗಳ ವಿಷಯಕ್ಕೆ ಬಂದರೆ, ಕೊಳ್ಳೇಗಾಲ ಸೀಮೆಯವನಾದ ನಾನು ಸಿಂಗಾನಲ್ಲೂರಿನ ಹೆಸರನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಆ ಊರಿನ ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು, ಪೌರಾಣಿಕ ನಾಟಕದ ಉಗ್ರ ಪಾತ್ರಗಳಿಗೆ ಹೆಸರಾದವರು. ೧೮೮೪ರಲ್ಲಿ ಹುಟ್ಟಿದ ಆ ಕಂಪನಿಗೆ ಸ್ವತಃ ಗುಬ್ಬಿ ವೀರಣ್ಣನವರೇ ಬಾಲಕನಾಗಿ ಸೇರಿ ಯಜಮಾನರಾದವರು. ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ೧೯೨೯ರ ಏಪ್ರಿಲ್ ೨೪ರಂದು ತಾಳವಾಡಿಯ ಕಡೆಯ ದೊಡ್ಡ ಗಾಜನೂರಿನಲ್ಲಿ ಹುಟ್ಟಿದ. ಅಂದು ಎರಡೂ ಊರು ಒಂದೇ ಜಿಲ್ಲೆಯವು. ೧೯೫೬ರಲ್ಲಿ ಗೆರೆ ಎಳೆದಾಗ ತಂದೆಯ ಊರು ಇತ್ತ ಬಂದಿತು, ಮಗ ಹುಟ್ಟಿದ ಊರು ಅತ್ತ ಉಳಿಯಿತು. ಮುತ್ತುರಾಜ ಪ್ರಾಥಮಿಕ ಶಾಲೆಯನ್ನೂ ಮುಗಿಸದೆ ತಂದೆಯ ಹಿಂದೆ ಕಂಪನಿಯ ಮನೆಗೆ ನಡೆದ. ಹಾಡು, ಮಾತು, ನಿಲುವು, ಹಿರಿಯರೆದುರು ತಗ್ಗಿ ನಡೆಯುವ ವಿನಯ, ಎಲ್ಲವೂ ಅಲ್ಲಿಯೇ ಆದ ವಿದ್ಯಾಭ್ಯಾಸ. ಸುಬ್ಬಯ್ಯ ನಾಯಿಡು ಅವರ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯಲ್ಲಿಯೂ ದುಡಿದು, ೧೯೫೪ರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರ್ ಆದದ್ದು ಎಲ್ಲರಿಗೂ ತಿಳಿದ ಕಥೆ. ಅದೇ ಚಿತ್ರದಲ್ಲಿ ನಗಿಸಿದ ನರಸಿಂಹರಾಜು ಕೂಡ ಹಾಲುಗಲ್ಲದ ವಯಸ್ಸಿನಲ್ಲಿಯೇ ಕಂಪನಿ ಸೇರಿದವರು. ರಾಜಕುಮಾರರ ನೆನಪಿಗೆ ೨೦೦೯ರಲ್ಲಿ ಅಂಚೆಚೀಟಿ ಬಂದಿತು. ಅಂಚೆಚೀಟಿಯನ್ನು ನಾನು ಕಡಿಮೆಯೆನ್ನುವುದಿಲ್ಲ. ಆದರೆ ಅದಕ್ಕೆ ಬೆನ್ನಿಲ್ಲ, ಬೆನ್ನಿನಲ್ಲಿ ಅಂಟು ಮಾತ್ರ. ನಾಣ್ಯಕ್ಕೆ ಎರಡು ಮುಖ.

ಆ ಎರಡು ಮುಖದ ಒಂದು ನಾಣ್ಯವನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಅದನ್ನು ಯಾವ ಟಂಕಸಾಲೆಯೂ ಹೊರಡಿಸಿರಲಿಲ್ಲ.

೧೯೬೭ರ ಸುಮಾರು. ನನಗಾಗ ಹತ್ತು ವರ್ಷ. ನಮ್ಮ ಊರಿನಲ್ಲಿ ಒಂದು ಕಂಪನಿ ಮೊಕ್ಕಾಂ ಹೂಡಿತ್ತು. ಅದರ ಹೆಸರು ಇಲ್ಲಿ ಬೇಡ. 'ಭಕ್ತ ಪ್ರಹ್ಲಾದ' ನಾಟಕ. ಪ್ರಹ್ಲಾದನಾಗಿದ್ದವನು ನನ್ನ ವಯಸ್ಸಿನವನೇ. ಅವನ ಹಾಡಿಗೆ ಇಡೀ ಊರು ಕರಗಿಹೋಯಿತು. ನಮ್ಮ ಮನೆಯಲ್ಲಿ ನಮ್ಮ ಅಜ್ಜಿ ನನ್ನನ್ನು ನೋಡಿ, "ನೀನೂ ಒಬ್ಬ ಇದ್ದೀಯೆ" ಎಂದು ದಿನಕ್ಕೊಮ್ಮೆಯಾದರೂ ಹೇಳುವಂತಾಯಿತು. ಮೂರನೆಯ ವಾರ ಪೇಟೆಯ ವ್ಯಾಪಾರಿಯೊಬ್ಬರು ರಂಗದ ಮೇಲೆ ಬಂದು ಅವನ ಎದೆಗೆ ಒಂದು ಪದಕ ಚುಚ್ಚಿದರು. ಐದನೆಯ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಯೊಂದಕ್ಕೆ ಅಕ್ಕಸಾಲಿಯಿಂದ ಸೂಜಿ ಬೆಸೆಸಿ ಮಾಡಿದ ಪದಕ ಅದು. ಒಂದು ಮುಖದಲ್ಲಿ ಕಿರೀಟದ ದೊರೆ. ಇನ್ನೊಂದು ಮುಖವನ್ನು ಅರದಿಂದ ಉಜ್ಜಿ ನುಣುಪು ಮಾಡಿ 'ಪ್ರಹ್ಲಾದ' ಎಂದು ಕನ್ನಡದಲ್ಲಿ ಕೊರೆಸಿದ್ದರು. ಅದನ್ನು ಕೈಯಲ್ಲಿ ಹಿಡಿದು ನೋಡಿದ ಭಾಗ್ಯ ನನ್ನದು. ಏಕೆಂದರೆ ಆ ಹುಡುಗ ಹಗಲು ಹೊತ್ತು ನಮ್ಮ ಬೀದಿಯ ನಲ್ಲಿಗೆ ನೀರಿಗೆ ಬರುತ್ತಿದ್ದ, ಗೋಲಿಯಾಡುತ್ತಿದ್ದ, ನನ್ನ ಕನ್ನಡ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಚಿತ್ರ ನೋಡುತ್ತಿದ್ದ. ಕಂದಪದ್ಯವನ್ನು ತೊದಲದೆ ಹೇಳುತ್ತಿದ್ದ ಆ ಹುಡುಗನಿಗೆ ಓದಲು ಬಾರದೆಂದು ನನಗೆ ತಿಳಿದದ್ದು ಆಗ. ಪದಕದ ಮೇಲೆ ಏನು ಕೊರೆದಿದೆ ಎಂದು ಅವನಿಗೆ ಓದಿ ಹೇಳಿದವನು ನಾನು.

ಬೆಳ್ಳಿ ರೂಪಾಯಿಯ ಬಗ್ಗೆ ಒಂದು ಮಾತು. ಅದರ ತೂಕ ಒಂದು ತೊಲ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ೧೯೪೦ರಲ್ಲಿ ಯುದ್ಧದ ನೆವದಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದ ಮೇಲೆ ಹಳೆಯ ರೂಪಾಯಿಗಳು ಪೆಟ್ಟಿಗೆ ಸೇರಿದವು. ಜಾರ್ಜ್ ದೊರೆಯ ೧೯೧೧ರ ರೂಪಾಯಿಯದು ಒಂದು ವಿನೋದ. ದೊರೆಯ ನಿಲುವಂಗಿಯ ಮೇಲಿನ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡು ಗುಲ್ಲೆದ್ದಿತು. ಸರ್ಕಾರ ಅಚ್ಚನ್ನು ತಿದ್ದಿಸಿ ಮರುವರ್ಷ ಆನೆಗೆ ಸೊಂಡಿಲನ್ನು ಸ್ಪಷ್ಟಪಡಿಸಬೇಕಾಯಿತು. ಒಂದು ಚಕ್ರಾಧಿಪತ್ಯ ತನ್ನ ನಾಣ್ಯದ ಮೇಲಿನ ಸಾಸಿವೆಕಾಳಿನಷ್ಟು ಚಿತ್ರಕ್ಕೆ ಪಟ್ಟ ಪಾಡು ಇದು.

ನಾಟಕ ಮುಗಿದ ರಾತ್ರಿಯೇ ಪದಕ ಮ್ಯಾನೇಜರರ ಪೆಟ್ಟಿಗೆ ಸೇರುತ್ತಿತ್ತು. ಮುಂದಿನ ಆಟಕ್ಕೆ ಮತ್ತೆ ಎದೆಗೆ ಬರುತ್ತಿತ್ತು. ಜೋಪಾನಕ್ಕಾಗಿ ಎಂದು ನಾವು ತಿಳಿದೆವು. ಕಂಪನಿ ಊರು ಬಿಟ್ಟಿತು. ಲಾರಿಯ ಮೇಲೆ, ಪರದೆಯ ಸುರುಳಿಗಳ ನಡುವೆ ಕುಳಿತು ಆ ಹುಡುಗ ಕೈ ಬೀಸಿದ.

ಕಾಲ ಸರಿಯಿತು. ೧೯೭೯ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಮಕ್ಕಳ ವರ್ಷವೆಂದು ಸಾರಿತು. ನಾನಾಗ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ವಿದ್ಯಾರ್ಥಿ. ಕ್ಯಾಂಟೀನಿನಲ್ಲಿ ಚಿಲ್ಲರೆಯಾಗಿ ಬಂದ ಅಲ್ಯೂಮಿನಿಯಂ ಹತ್ತು ಪೈಸೆಯ ಮೇಲೆ, ಸುಖಿಯಾದ ಮಗು ನಾಡಿನ ಹೆಮ್ಮೆ ಎಂಬರ್ಥದ ಬರಹವಿತ್ತು. ಮಕ್ಕಳ ಹೆಸರಿನಲ್ಲಿ ನನ್ನ ಕೈಗೆ ಬಂದ ಮೊದಲ ಸರ್ಕಾರಿ ನಾಣ್ಯ ಅದೇ. ಊದಿದರೆ ಹಾರುವಷ್ಟು ಹಗುರ. ಅದೇ ವರ್ಷ ಬೆಂಗಳೂರಿನಲ್ಲಿ, ಹಿಂದೆ ಶಾಲೆಯ ಉಪಾಧ್ಯಾಯಿನಿಯಾಗಿದ್ದ ಪ್ರೇಮಾ ಕಾರಂತರು ಬೆನಕ ಮಕ್ಕಳ ಕೇಂದ್ರವನ್ನು ಆರಂಭಿಸಿದರು. 'ಅಳಿಲು ರಾಮಾಯಣ'ದಂಥ ನಾಟಕಗಳಲ್ಲಿ ಮಕ್ಕಳೇ ಆಡಿದರು, ಮಕ್ಕಳೇ ನೋಡಿದರು, ಸಂಜೆಯೊಳಗೆ ಮನೆಗೂ ಹೋದರು. ಕೊನೆಯ ಸಂಗತಿಯನ್ನು ನಮ್ಮ ರಂಗಚರಿತ್ರೆಕಾರರು ದಪ್ಪ ಅಕ್ಷರದಲ್ಲಿ ಬರೆಯಬೇಕೆಂದು ನನ್ನ ಅಭಿಪ್ರಾಯ. ಅವರಿಗಿಂತ ಬಹಳ ಮುಂಚೆ ಆರ್. ಕಲ್ಯಾಣಮ್ಮನವರು ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಕಟ್ಟಿದ್ದರೆಂಬುದನ್ನೂ ಮರೆಯಲಾಗದು.

ಪ್ರೇಮಾ ಅವರ ಪತಿ ಬಿ. ವಿ. ಕಾರಂತರಾದರೋ ತಾವೇ ಬಾಲ್ಯದಲ್ಲಿ ಮನೆ ಬಿಟ್ಟು ಗುಬ್ಬಿ ಕಂಪನಿಗೆ ಓಡಿಬಂದವರು. ಆ ಹುಡುಗನನ್ನು ಮುಂದೆ ಕಾಶಿಗೆ ಕಳುಹಿಸಿ ಓದಿಸಿದ ಕೀರ್ತಿ ವೀರಣ್ಣನವರದು. ಕಂಪನಿಯ ಮಾಲೀಕರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದಕ್ಕಾಗಿ ಇದನ್ನು ಹೇಳಬೇಕಾಯಿತು. ಕಾರಂತರು ಮಕ್ಕಳಿಗಾಗಿ 'ಪಂಜರ ಶಾಲೆ'ಯನ್ನು ಬರೆದರು. ೧೯೮೯ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು. ಅಲ್ಲಿನ ಬೇಸಗೆಯ ಚಿನ್ನರ ಮೇಳಕ್ಕೆ ನನ್ನ ಮಗನನ್ನು ಸೇರಿಸಲು ಬೆಳಗಿನ ಜಾವ ಸರತಿಯಲ್ಲಿ ನಿಂತದ್ದು ನನಗೆ ನೆನಪಿದೆ. ಅವನೇ ಈಗ ಸಿಡ್ನಿಯಲ್ಲಿರುವುದು.

ಈ ಮಾತನ್ನು ಮುಗಿಸುವ ಮುನ್ನ ಒಂದು ಭೇಟಿಯ ವಿಷಯ ಹೇಳಬೇಕು. ೧೯೮೬ರಲ್ಲಿ, ನಾನು ಅಧ್ಯಾಪಕನಾಗಿ ಕೆಲವು ವರ್ಷ ಕಳೆದಿದ್ದಾಗ, ಹನೂರಿನ ಆಚೆಯ ಒಂದು ಹಳ್ಳಿಯವರು 'ಕುರುಕ್ಷೇತ್ರ' ನಾಟಕ ಕಲಿಯುತ್ತಿದ್ದರು. ಪಾಂಪ್ಲೆಟ್ಟಿನಲ್ಲಿ ಮುಖ್ಯ ಅತಿಥಿಯೆಂದು ನನ್ನ ಹೆಸರು ಹಾಕುವುದಕ್ಕೆ ಒಪ್ಪಿಗೆ ಬೇಕಿತ್ತು; ಕರೆದೊಯ್ದರು. ಊರ ಚಾವಡಿಯಲ್ಲಿ ಹಾರ್ಮೋನಿಯಂ ಮುಂದೆ ಕುಳಿತಿದ್ದ ನಾಟಕದ ಮೇಷ್ಟ್ರು ಕೊಳ್ಳೇಗಾಲದ ಹೆಸರು ಕೇಳಿ ನನ್ನ ಬೀದಿಯನ್ನು ವಿಚಾರಿಸಿದರು, ನಲ್ಲಿಯನ್ನು ವಿಚಾರಿಸಿದರು. ನಾನು ಎದ್ದು ನಿಂತೆ.

ತಲೆ ಆಗಲೇ ನರೆತಿತ್ತು. ಪದಕದ ಮಾತು ತೆಗೆದೆ. ಅವರು ನಕ್ಕರು. "ಅದೇ ಬಿಲ್ಲೆಯ ಮೂರು ವರ್ಸ ಎಲ್ಲಾ ಊರ್ಲೂ ಚುಚ್ಚಿಸ್ತಿದ್ರು ಸಾ. ಊರಿಗೊಬ್ಬ ಸಾವ್ಕಾರ್ರು. ಸೂಜಿ ಎಲ್ಲಿ ನಾಟ್ತದೆ ಅಂತ ನಂಗೆ ಗೊತ್ತಿತ್ತು, ಅಷ್ಟೊತ್ಗೆ ಉಸ್ರು ಬಿಗಿ ಹಿಡ್ಕೊತಿದ್ದಿ." ಗಂಟಲು ಒಡೆದ ವರ್ಷ ಅವರನ್ನು ಬಸ್ಸು ಹತ್ತಿಸಿ ಕಳುಹಿಸಿದರಂತೆ. ಪದಕದ ಮೇಲಿನ ಹೆಸರು ಪ್ರಹ್ಲಾದನದಷ್ಟೆ. ಮುಂದಿನ ಪ್ರಹ್ಲಾದನಿಗೂ ಅದು ಆಗುತ್ತಿತ್ತು.

೧೯೮೩ರಲ್ಲಿ ಬಂದ 'ಭಕ್ತ ಪ್ರಹ್ಲಾದ' ಚಿತ್ರವನ್ನು ನೋಡಿದಿರಾ ಎಂದು ಕೇಳಿದೆ. ರಾಜಕುಮಾರ್ ಹಿರಣ್ಯಕಶಿಪು, ಅವರ ಕಿರಿಯ ಮಗ, ಆಗಿನ್ನೂ ಮಾಸ್ಟರ್ ಲೋಹಿತ್, ಪ್ರಹ್ಲಾದ.

"ಕೊಳ್ಳೇಗಾಲಕ್ಕೆ ಹೋಗಿ ಎರಡು ಸಲ ನೋಡ್ದಿ ಸಾ. ಆ ಮಗುವ ಕಂಬದ ಮುಂದೆ ನಿಲ್ಲಿಸ್ತಾರಲ್ಲ, ಅಲ್ಲಿ ನಂಗೆ ನಿದ್ದೆ ಬಂದ್ಬುಡ್ತು. ಎರಡು ಸಲಾನೂ." ಕಂಪನಿಯಲ್ಲಿ ಕಂಬದ ದೃಶ್ಯ ಬರುವಾಗ ರಾತ್ರಿ ಎರಡು ಗಂಟೆ ಕಳೆದಿರುತ್ತಿತ್ತಂತೆ. ತಣ್ಣೀರು ಎರಚಿ ಎಬ್ಬಿಸಿ ರಂಗಕ್ಕೆ ನೂಕುತ್ತಿದ್ದರು. ಕಣ್ಣು ಅರೆಮುಚ್ಚಿ ನಿಂತ ಹುಡುಗನನ್ನು ನೋಡಿ ಜನ ಭಕ್ತಿಯ ಪರವಶತೆಯೆಂದು ಕೈಮುಗಿಯುತ್ತಿದ್ದರು. ಆ ಜನರಲ್ಲಿ ನಮ್ಮ ಅಜ್ಜಿಯೂ ಒಬ್ಬರು, ನಾನೂ ಒಬ್ಬ.

ಅಷ್ಟರಲ್ಲಿ ಗೌಡರ ಮನೆಯಿಂದ ಕಾಫಿ ಬಂದಿತು. ಹಳ್ಳಿಯ ಮಕ್ಕಳು ಆಗಲೇ ಗೋಣಿತಾಟು ಹಾಸಿಕೊಂಡು ಮುಂದಿನ ಜಾಗ ಹಿಡಿದಿದ್ದರು. ಮೇಷ್ಟ್ರು ಲೋಟವನ್ನು ಬದಿಗಿಟ್ಟು, ಮಕ್ಕಳ ಕಡೆ ತಿರುಗಿ, "ಒಂಬತ್ತು ಗಂಟೆ ಆದ್ಮೇಲೆ ಒಬ್ರೂ ಇರ್ಕೂಡ್ದು, ಎಲ್ರೂ ಮನೀಗೋಗಿ ಮಲಿಕ್ಕಳಿ" ಎಂದು ಗದರಿ, ತಿದಿ ಒತ್ತಿ ಶ್ರುತಿ ಹಿಡಿದರು. ಭೀಮನ ಪಾರ್ಟಿನವನು ಇನ್ನೂ ಬಂದಿರಲಿಲ್ಲ.